ಎಂಟು ಇಲ್ಲದ ಹಾರ್ಮೋನಿಯಂ

“ಮತ್ತ ಮೊದಲಿಂದ ಓದಬೇಕಾ? ನಿಮ್ಮ ತಂಗೀನ ಕರಸ್ರಿ ಓದಾಕ! ನನಗಿನ್ನ ಇಪ್ಪತ್ತ ರೊಟ್ಟಿ ಬಡಿಯೂದೈತಿ!” ಎನ್ನುತ್ತ ಪ್ರಭಾವತಿ ನೋಟುಬುಕ್ಕನ್ನು ಗಂಡನ ಮೈಮೇಲೆ ಒಗೆದಳು.

“ಕರೆಂಟ್ ಹೋತು, ಬರದದ್ದೆಲ್ಲಾ ಹೋತು. ನಾ ಏನ್ ಮಾಡ್ಲಿ?” ಎಂದ ಹುಲಗೇಶ.

“ಓದತೇನಿ. ಆದ್ರ ಕೇಳ್ಕೊಳ್ರಿ. ಇವತ್ತ ಸಂಜಿ ಭಜನಿಗೆ ಇದು ಬಾರಸಲಿಲ್ಲ ಅಂದ್ರ ನಾಳೆ ಗುಜರಿಗೆ ಹೋಗತೈತಿ. ಬೇಕಾದ್ರ ಹಿಂದ ನೀವೂ ಹೋಗ್ರಿ.”

‘ಇದು’ ಎಂದರೆ, ಹಳೇ ಹುಬ್ಬಳ್ಳಿಯ ತನ್ವೀರನ ರಿಪೇರಿ ಅಂಗಡಿಯಲ್ಲಿ ಧೂಳು ತಿನ್ನುತ್ತ ಬಿದ್ದಿದ್ದ, ಹುಲಗೇಶ ಅಲ್ಲಿಂದ ಹೊತ್ತು ತಂದ, ಟಿವಿಗೆ ಜೋಡಿಸುವ ಹಳೇ ಕಾಲದ ಕಂಪ್ಯೂಟರು. ಅದರ ಬೆನ್ನಿಗೆ ಸಿಕ್ಕಿಸಲು ಸಾಬೂನಿನ ಡಬ್ಬಿಯಷ್ಟು ಒಂದು ಸಂಗೀತದ ಪೆಟ್ಟಿಗೆ. ಅಂಕಿ ಕೊಟ್ಟರೆ ಸ್ವರ ಕೊಡುತ್ತದೆ. ಮೊದಲ ಅಂಕಿ ಯಾವ ಸ್ವರ, ಎರಡನೆಯದು ಅದನ್ನು ಎಷ್ಟು ಹೊತ್ತು ಹಿಡಿಯಬೇಕು. ಕರೆಂಟ್ ಹೋದರೆ ಎಲ್ಲ ಮರೆಯುತ್ತದೆ. ಬರೆದದ್ದನ್ನು ಉಳಿಸಿಡುವ ಟೇಪ್‌ರೆಕಾರ್ಡರು ಇನ್ನೂ ತನ್ವೀರನ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು.

ಬೆಂಗೇರಿಯ ಭಜನಾ ಮಂಡಳಿಯ ಹಾರ್ಮೋನಿಯಂ ತಿದಿಯನ್ನು ಇಲಿ ಕಡಿದಿತ್ತು. “ನನ್ನ ಪೆಟ್ಟಿಗಿ ಬಾರಸತೈತಿ” ಎಂದು ಹುಲಗೇಶ ಹದಿನೈದು ಜನರ ಮುಂದೆ ಹೇಳಿಬಿಟ್ಟಿದ್ದ. ಇಪ್ಪತ್ತೆರಡು ವರ್ಷ ಆಫೀಸಿನಲ್ಲಿ ಲಕೋಟೆಗೆ ಅಂಟು ಹಚ್ಚಿದವನ ಮಾತಿಗೆ ಜನ ಮೊದಲ ಸಲ ‘ಹೌದಾ!’ ಅಂದಿದ್ದರು. ಅದಕ್ಕೇ ಇವತ್ತು ರಜೆ, ಅದಕ್ಕೇ ಈ ಜಗಳ.

ಪ್ರಭಾವತಿ ಸಿಟ್ಟಿನಲ್ಲಿ ಓದಿದಳು. “ನಾಕು! ಏಳು! ಎಂಟು! ಎರಡು!” ಓಣಿಯ ತುದಿಯಲ್ಲಿದ್ದ ಎಮ್ಮೆಯೂ ತಿರುಗಿ ನೋಡಿತು.

ಪಕ್ಕದ ಮನೆಯ ಸಾವಂತ್ರೆವ್ವ ಗೋಡೆಯಾಚೆ ಸಂಡಿಗೆ ಒಣಹಾಕುತ್ತಿದ್ದಳು. ಕೆಲಸಕ್ಕೆ ಹೋಗದ ಗಂಡಸು, ಮುಚ್ಚಿದ ಬಾಗಿಲು, ಒಂದೇ ಸಮನೆ ಅಂಕಿ! ಇದು ಓಸಿ ಜೂಜಿನ ಅಂಕಿಯಲ್ಲದೆ ಇನ್ನೇನು? ಅರ್ಧ ತಾಸಿನ ಮೇಲೆ ಉಪ್ಪು ಕೇಳುವ ನೆಪದಲ್ಲಿ ಬಂದಳು.

“ತಮ್ಮಾ, ಇವತ್ತ ಯಾವುದು ಬರತೈತಿ?”

“ಹಾರ್ಮೋನಿಯಂ ಬರತೈತಿ, ಯವ್ವಾ.”

“ಓಹೋ, ಅದಕ್ಕ ಹಾರ್ಮೋನಿಯಂ ಅಂತೀರೇನು?” ಎಂದು ಒಂದು ಕಣ್ಣು ಮುಚ್ಚಿ, ಉಪ್ಪು ಮರೆತು ಹೋದಳು.

ಮಧ್ಯಾಹ್ನಕ್ಕೆ ಬಾಗಿಲ ಮುಂದೆ ಹತ್ತು ಜೊತೆ ಚಪ್ಪಲಿ ಬಿದ್ದವು. ರಿಟೈರಾದ ಬಸ್ ಕಂಡಕ್ಟರ್ ಯಂಕಣ್ಣ ಎಡಬಲ ನೋಡಿ ಪಿಸುಗುಟ್ಟಿದ, “ಸಾಹೇಬ್ರ, ನನಗೂ ಒಂದ ಹಾರ್ಮೋನಿಯಂ ಹೇಳ್ರಿ.”

“ನಾ ಭಜನಿ ಹಚ್ಚಾಕತ್ತೇನಿ, ಜೂಜಲ್ಲ!” ಎಂದು ಹುಲಗೇಶ ಒದರಿದ.

“ಹಂಗ ಹೇಳೂದ ಛಲೋ ಬಿಡ್ರಿ. ಪೊಲೀಸರಿಗೂ ಸಂಶೇ ಬರೂದಿಲ್ಲ.”

ಪೊಲೀಸ್ ಎಂಬ ಮಾತು ಒಳಗಿದ್ದ ಪ್ರಭಾವತಿಗೆ ಕೇಳಿತು. ಹುಲಗೇಶ ಜನರನ್ನು ಅಟ್ಟಿ ಬರುವಷ್ಟರಲ್ಲಿ ನೋಟುಬುಕ್ಕು ಬಚ್ಚಲ ಒಲೆಯಲ್ಲಿ ಬೂದಿಯಾಗಿತ್ತು.

“ಖರೇ ಹೇಳ್ರಿ, ಓಸಿ ಬರೀತೀರೇನು?” ಎಂದಳು ಪ್ರಭಾವತಿ.

“ಲೇ, ನೀನ ಓದೀಯಲ್ಲ!”

“ನಾ ಅಂಕಿ ಓದೇನಿ. ನಿಮ್ಮ ಮನಸ್ಸ ಓದಿಲ್ಲ.”

ಮೂರು ಗಂಟೆಗೆ ಕರೆಂಟ್ ಹೋಯಿತು. ತಿರುಗಿ ಬಂದಾಗ ಟಿವಿ ಪರದೆ ಬೋಳಿಸಿದ ತಲೆಯಂತೆ ಹೊಳೆಯುತ್ತಿತ್ತು. ನೋಟುಬುಕ್ಕಿಲ್ಲ, ಅಂಕಿಯಿಲ್ಲ. ಹುಲಗೇಶ ನೆಲಕ್ಕೆ ಕುಕ್ಕರಿಸಿದ.

ಕಿಟಕಿಯಿಂದ ಸಾವಂತ್ರೆವ್ವನ ದನಿ ಬಂತು. “ಯಾಕ ಹೆದರತಿ? ನನ್ನ ಕಡೆ ಎಲ್ಲಾ ಅದಾವ.”

ದೇವರ ಕ್ಯಾಲೆಂಡರಿನ ಹಿಂದೆ, ಪೆನ್ಸಿಲ್ಲಿನಲ್ಲಿ, ಒಂದೂ ಬಿಡದೆ ಬರೆದಿದ್ದಳು! ಹುಲಗೇಶ ಅವಳ ಕಾಲಿಗೆ ಬೀಳುವುದೊಂದು ಬಾಕಿ. ಬೆರಳು ಸೋಲುವಂತೆ ಒತ್ತಿ ಒತ್ತಿ ಎಲ್ಲವನ್ನೂ ಮತ್ತೆ ತುಂಬಿದ.

ಐದಕ್ಕೆ ಮಂಡಳಿಯ ಹಿರಿಯ ಶಿದ್ದಪ್ಪ ಮಾಸ್ತರರು ತಾಳ ಹಿಡಿದು ಬಂದು ಹೊಸ್ತಿಲಲ್ಲೇ ನಿಂತರು.

“ಓಣ್ಯಾಗ ಏನೇನೋ ಕೇಳೇನಿ. ಮೊದಲ ಬಾರಸು. ಚಪ್ಪಲಿ ಆಮ್ಯಾಲ ಬಿಡತೇನಿ.”

ಹುಲಗೇಶ ಗುಂಡಿ ಒತ್ತಿದ. ಬಾಗಿಲಲ್ಲಿ ಬಾಲ ಸಿಕ್ಕ ಆಡಿನಂತೆ ಪೆಟ್ಟಿಗೆ ಒದರಿತು. ಮಾಸ್ತರರು ಒಂದು ಕಿವಿ ಮುಚ್ಚಿಕೊಂಡರು. “ನಿಷಾದ ಸ್ವರ ತಪ್ಪೈತಿ. ಉಳಿದದ್ದು ಸರಿ. ಪ್ರತಿ ಸಲ ಅದ ಒಂದ ತಪ್ಪು.”

ನಿಷಾದಕ್ಕೆ ಹುಲಗೇಶ ಇಟ್ಟ ಅಂಕಿ ಎಂಟು. ಕ್ಯಾಲೆಂಡರ್ ನೋಡಿದ. ಇಡೀ ಹಾಳೆಯಲ್ಲಿ ಒಂದೂ ಎಂಟಿಲ್ಲ!

“ಎಂಟು ಶನಿ ಅಂಕಿ” ಎಂದಳು ಕಿಟಕಿಯಲ್ಲಿ ಇಣುಕಿದ ಸಾವಂತ್ರೆವ್ವ, ಎಳ್ಳಷ್ಟೂ ನಾಚದೆ. “ದೇವರ ಬೆನ್ನಿಗೆ ಶನೀನ ಬರೀಲೇನು? ಎಂಟಿದ್ದಲ್ಲೆಲ್ಲಾ ಒಂಬತ್ತ ಬರದೇನಿ.”

ಅವನ ಪದದಲ್ಲಿ ಒಂಬತ್ತೇ ಇರಲಿಲ್ಲ. ಒಂಬತ್ತುಗಳನ್ನೆಲ್ಲ ಎಂಟು ಮಾಡಿ ಮತ್ತೆ ಗುಂಡಿ ಒತ್ತಿದ. ಈ ಸಲ ಸ್ವರಗಳು ಸಾಲಿಯ ಮಕ್ಕಳಂತೆ ಸಾಲುಗಟ್ಟಿ ಹೊರಬಂದವು. ಮಾಸ್ತರರ ಕಣ್ಣು ಮುಚ್ಚಿತು, ಚಪ್ಪಲಿ ಕಳಚಿತು, ತಾಳ ತಾನಾಗಿ ಮೊಳಗಿತು. ಹುಲಗೇಶನ ಎದೆ ಎಣ್ಣೆಯಲ್ಲಿ ಬಿಟ್ಟ ಪೂರಿಯಾಯಿತು.

“ತಪ್ಪ ತಿಳಕೊಂಡಿದ್ದೆ ಹುಲಗೇಶ. ಖರೇನ ಸಂಗೀತ ಐತಿ. ಇನ್ನ ಪ್ರತಿ ಗುರುವಾರ ನಿನ್ನ ಪೆಟ್ಟಿಗೀನ...”

ಮಾತು ಮುಗಿಯಲಿಲ್ಲ. ಯಂಕಣ್ಣ ತೆಂಗಿನಕಾಯಿ, ಚೆಂಡುಹೂವಿನ ಮಾಲೆ ಹಿಡಿದು ಒಳಗೆ ನುಗ್ಗಿದ.

“ಬಂತ್ರೀ! ನಲವತ್ತೇಳ ಬಂತು! ಸಾವಂತ್ರೆವ್ವ ಬರಕೊಂಡ ಹಾರ್ಮೋನಿಯಂದ ಮೊದಲ್ನೇ ಎರಡಂಕಿ! ಅರ್ಧ ಓಣಿಗೆ ಹತ್ತೇತಿ!” ಎಂದು ಮಾಲೆಯನ್ನು ಟಿವಿಗೆ ಹಾಕಿ ಕೈ ಮುಗಿದ.

ತಾಳ ನಿಂತಿತು.

“ಮಾಸ್ತರ, ದೇವರಾಣಿ, ಇದು ಯೋಗಾಯೋಗ!” ಹುಲಗೇಶ ಟಿವಿಯ ಮಾಲೆ ಕಿತ್ತು ತೆಗೆದ. “ನಮ್ಮ ಮನ್ಯಾಗ ಜೂಜಿನ ಗಾಳೀನೂ ಇಲ್ಲ. ಬೇಕಾದ್ರ ನನ್ನ ಹೆಂಡ್ತೀನ ಕೇಳ್ರಿ. ಏ ಪ್ರಭಾವತಿ, ಹೇಳ!”

ಪ್ರಭಾವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ಉತ್ತರ ಕೊಟ್ಟವನು ಯಂಕಣ್ಣ.

“ತಂಗೆವ್ವಾ, ಮಧ್ಯಾಹ್ನ ನನ್ನ ಕೈಯಾಗ ಕೊಟ್ಟೆಲ್ಲ, ಆ ನಿನ್ನ ಓಸಿ ಚೀಟೀನೂ ಹತ್ತೇತಿ!”

ಮಾಸ್ತರರು ತಾಳವನ್ನು ಟವೆಲಿನಲ್ಲಿ ಸುತ್ತಿ, ಚಪ್ಪಲಿ ಮೆಟ್ಟಿ ಹೊರನಡೆದರು. ಹುಲಗೇಶ ಗೇಟಿನ ತನಕ “ಮಾಸ್ತರ, ಮಾಸ್ತರ” ಎನ್ನುತ್ತ ಓಡಿದ. ಹಿಂದಿನಿಂದ ಪ್ರಭಾವತಿಯ ದನಿ ಬಂತು, ಮದುವೆಯಾದ ಹೊಸದರಲ್ಲಿ ಇದ್ದಷ್ಟು ಮೆತ್ತಗೆ.

“ಒಳಗ ಬರ್ರಿ. ಗುಜರಿ ಮಾತ ಬಿಡ್ರಿ. ನಾಳೆ ಹೊಸಾ ಪದ ಹಚ್ಚೂಣು, ನಾನ ಓದತೇನಿ.”

ಮಾಸ್ತರರು ಓಣಿಯ ತಿರುವು ದಾಟಿದರು. ಆ ಹೊಸ್ತಿಲಲ್ಲಿ ಅವರ ಚಪ್ಪಲಿ ಮತ್ತೆಂದೂ ಕಾಣಲಿಲ್ಲ.