ಭೂಪಟಕ್ಕೆ ಬಿದ್ದ ಅರಿಸಿನ

ಹೊಸ ಕಾಗದ ಕಂಡರೆ ಪುಟ್ಟಬಸಮ್ಮ ಅರಿಸಿನ ಹಚ್ಚದೆ ಬಿಡುವವರಲ್ಲ. ೨೦೦೪ರ ಆ ಬೆಳಿಗ್ಗೆ ಭೀಮನಬೀಡಿನ ಸೈಟಿನ ಪತ್ರದ ನಾಲ್ಕು ಮೂಲೆಗೂ ಹಚ್ಚಿದರು. ಪಕ್ಕದಲ್ಲೇ ಮಗ ಹರಡಿದ್ದ ಭೂಪಟಕ್ಕೂ ಒಳ್ಳೆಯದಾಗಲೆಂದು ಕೈಗೆಟುಕಿದ ಕಡೆ ಒಂದು ಬೊಟ್ಟಿಟ್ಟರು. ನೋಂದಣಿಯ ಗಡಿಬಿಡಿಯಲ್ಲಿ ಮಗ ಸೋಮೇಶ್ ಅದನ್ನು ಗಮನಿಸದೆ ಸುತ್ತಿಕೊಂಡು ತಾಯಿಯ ಜೊತೆ ಹೊರಟ.

ಸೋಮೇಶ್ ತೆರಕಣಾಂಬಿಯಲ್ಲಿ ಭೂಗೋಳದ ಮೇಷ್ಟ್ರು. ಪ್ರಪಂಚದ ನೆಲವನ್ನೆಲ್ಲ ಬಂಡೆಗಳ ಗುಣಕ್ಕೆ ತಕ್ಕಂತೆ ವಿಂಗಡಿಸಿ, ಇನ್ನೂ ಪತ್ತೆಯಾಗದ ಪೆಟ್ರೋಲಿಯಂ ಎಲ್ಲೆಲ್ಲಿ ಇರಬಹುದೆಂದು ತೋರಿಸುವ ಆ ಭೂಪಟವನ್ನು ಮೂರು ತಿಂಗಳು ಕೂತು ಬರೆದಿದ್ದ. ಹಳದಿ ಇದ್ದಲ್ಲಿ ಎಣ್ಣೆಯ ನಿರೀಕ್ಷೆ. ಅದನ್ನು ತೂಗುಹಾಕಲು ಜಾಗವೇ ಇರಲಿಲ್ಲ. ಅಲ್ಲಿನ ಬಾಡಿಗೆ ಮನೆಯ ಒಡತಿ ಮಂಚಮ್ಮ ಗೋಡೆಗೆ ಒಂದು ಮೊಳೆ ಹೊಡೆಯಲೂ ಬಿಡುತ್ತಿರಲಿಲ್ಲ. ಸ್ವಂತ ಗೋಡೆಯೊಂದು ಆದರೆ ಸಾಕಪ್ಪ ಎಂದು ಅವನ ಜೀವ ಹಂಬಲಿಸುತ್ತಿತ್ತು.

ಗುಂಡ್ಲುಪೇಟೆಯ ನೋಂದಣಿ ಕಚೇರಿ ಎದುರಿಗೇ ಅಬ್ದುಲ್ ಜಬ್ಬಾರರ ಲ್ಯಾಮಿನೇಷನ್ ಅಂಗಡಿ. ಸರದಿ ಬರುವಷ್ಟರಲ್ಲಿ ಭೂಪಟಕ್ಕೆ ಪ್ಲಾಸ್ಟಿಕ್ ಹೊದಿಸಿ ಆಗಿತ್ತು. ಸೈಟು ಮಾರುವ ಚಿಕ್ಕಮಲ್ಲಪ್ಪ, ಸಾಕ್ಷಿ ಹಾಕಲು ಬಂದಿದ್ದ ಮಂಚಮ್ಮ ಇಬ್ಬರೂ ಇಣುಕಿದರು.

“ಈ ಅಳ್ದಿ ಏನ್ ಮೇಷ್ಟ್ರೇ?” ಎಂದ ಚಿಕ್ಕಮಲ್ಲಪ್ಪ.

“ಪೆಟ್ರೋಲು ಸಿಗಬಹುದಾದ ಜಾಗ,” ಎಂದ ಸೋಮೇಶ್ ಹೆಮ್ಮೆಯಿಂದ.

“ನಮ್ಮೂರು ಇಲ್ಲೇ ಅಲ್ವಾ ಬರಾದು?”

“ಹೌದು, ಅಲ್ಲೇ...” ಎಂದು ಬಗ್ಗಿದ ಸೋಮೇಶನಿಗೆ ತಾನು ಹಚ್ಚದ ಹಳದಿ ಬೊಟ್ಟೊಂದು ಕಂಡಿತು. ಚಿಕ್ಕಮಲ್ಲಪ್ಪ ಆಗಲೇ ಪೆನ್ನಿಗೆ ಮುಚ್ಚಳ ಹಾಕಿದ್ದ.

“ಬುಡಿ ಮೇಷ್ಟ್ರೇ, ನಾನು ಸೈಟ್ ಮಾರಕಿಲ್ಲ.”

“ಅಯ್ಯೋ, ಅದು ಅರಿಸಿನ! ನಮ್ಮವ್ವ ಇಟ್ಟಿರೋದು. ನಮ್ಮದು ಕರಿಕಲ್ಲಿನ ಸೀಮೆ, ಇಲ್ಲೆಲ್ಲಿ ಎಣ್ಣೆ? ಜಬ್ಬಾರಣ್ಣ, ಪ್ಲಾಸ್ಟಿಕ್ ಕಿತ್ತು ಒರೆಸಿಬಿಡಿ!”

“ಕಿತ್ರೆ ಇಂಡಿಯಾನೂ ಜೊತೇಲೇ ಬತ್ತದೆ ಸಾರ್,” ಎಂದರು ಜಬ್ಬಾರ್.

ಚಿಕ್ಕಮಲ್ಲಪ್ಪ ಪುಟ್ಟಬಸಮ್ಮನ ಕಡೆ ತಿರುಗಿದ. “ಜಾಗ ನೋಡಿ ಮಡಗಿದ್ಯಾ ಅವ್ವ?”

“ಕನ್ನಡ್ಕ ಇಲ್ದೆ ನಂಗೇನ್ ಕಂಡದಪ್ಪ? ಕೈ ತಾನೇ ಓಯ್ತು.”

“ಕೇಳ್ದ್ರಾ? ಇಷ್ಟಗಲ ಪರ್ಪಂಚದಲ್ಲಿ ಕೈ ತಾನಾಗೇ ನನ್ ಸೈಟ್ ಮ್ಯಾಲೇ ಓಗದೆ! ಓದ್ದೋರು ತಪ್ಪು ಬರೆದಾರು. ಇದು ದೇವ್ರೇ ಮಡಗ್ಸಿರೋ ಗುರ್ತು ಕಣಿ.”

ಸೋಮೇಶ್ ತನ್ನ ಭೂಗೋಳವನ್ನೆಲ್ಲ ಒಟ್ಟುಗೂಡಿಸಿ ಕೊನೆಯ ಅಸ್ತ್ರ ಬಿಟ್ಟ. “ಪ್ರಪಂಚದ ಭೂಪಟದಲ್ಲಿ ಒಂದು ಬೊಟ್ಟು ಅಂದ್ರೆ ನೂರಾರು ಮೈಲಿ! ಮೈಸೂರು, ಊಟಿ, ಚಾಮರಾಜನಗರ ಎಲ್ಲಾ ಇದರೊಳಗೇ ಬರ್ತವೆ. ನಿಮ್ಮದೊಂದೇ ಸೈಟಲ್ಲ!”

“ನಂದೂ ಅದೆ ತಾನೆ? ಅಷ್ಟು ಸಾಕು,” ಎಂದು ಚಿಕ್ಕಮಲ್ಲಪ್ಪ ಭೀಮನಬೀಡಿನ ಬಸ್ಸು ಹತ್ತಿದ.

ಇಷ್ಟು ಹೊತ್ತೂ ಭೂಪಟವನ್ನೇ ನೋಡುತ್ತಿದ್ದ ಮಂಚಮ್ಮ ಮೆಲ್ಲಗೆ ಕೇಳಿದಳು. “ತೆರಕಣಾಂಬಿನೂ ಇದರೊಳ್ಗೇ ಬತ್ತದಾ ಮೇಷ್ಟ್ರೇ?”

“ಬರದೆ ಏನು!” ವಾದದ ಕಾವಿನಲ್ಲೇ ಇದ್ದ ಸೋಮೇಶ್ ಗುಡುಗಿದ.

“ಅಂಗಾರೆ ಬರೋ ತಿಂಗ್ಳು ಮನೆ ಖಾಲಿ ಮಾಡ್ಬುಡಿ. ಇತ್ಲಲ್ಲಿ ಬೋರ್ ಕೊರುಸ್ಬೇಕು.”

ಸೋಮೇಶ್ ಪ್ರಪಂಚವನ್ನು ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಮೊಳೆ ಹೊಡೆಯಲಾಗದ ಆ ಗೋಡೆಯೂ ಈಗ ಇರಲಿಲ್ಲ.