ಗೋಡೆಗೊಂದು ಅಂಗಿ

"ಈ ಸಲ ನಿಮ್ಮಮ್ಮನ ಕೋಣೆ ಗೋಡೇಲಿ ಒಂಚೂರು ತೇವ ಕಂಡ್ರೂ ಅಲ್ಲಿ ನಾನೇ ಮಲಗ್ತೀನಿ!" ಎಂದು ಯಜಮಾನರು ಹೆಂಡತಿಯ ಮುಂದೆ ಘೋಷಿಸಿಬಿಟ್ಟರು. ಹೋದ ಮಳೆಗಾಲದಲ್ಲಿ ಅತ್ತೆ ಆ ಕೋಣೆಯ ಮುಗ್ಗಲು ವಾಸನೆಗೆ ಕೆಮ್ಮಿ ಕೆಮ್ಮಿ ಕಿರಿಯ ಮಗಳ ಮನೆಗೆ ಗಂಟುಮೂಟೆ ಕಟ್ಟಿದ್ದರು. ಮತ್ತೆ ಹಾಗಾದರೆ ಷಡ್ಡಕನ ಎದುರು ತಲೆಯೆತ್ತುವಂತಿರಲಿಲ್ಲ.

ಉಪಾಯವೂ ಸಿದ್ಧವಿತ್ತು. ಮಳೆ ಬಡಿಯುವ ಹೊರಗೋಡೆಗೆ, ನಾಲ್ಕು ಬೆರಳು ಸಂದು ಬಿಟ್ಟು, ಹಲಗೆಗಳ ಹೊದಿಕೆ.

"ಇರೋ ಗೋಡೆ ಒಣಗಿಸೋಕಾಗದೆ ಇನ್ನೊಂದು ಗೋಡೆನಾ?" ಎಂದಳು ಹೆಂಡತಿ.

"ಗೋಡೆ ಅಲ್ಲ ಕಣೇ, ಗೋಡೆಗೊಂದು ದೊಗಳೆ ಅಂಗಿ. ಮಳೆಯೆಲ್ಲ ಅಂಗಿ ಮೇಲೆ. ಸಂದಲ್ಲಿ ಗಾಳಿ ಕೆಳಗಿಂದ ಹೋಗಿ ಮೇಲಿಂದ ಹೊರಗೆ ಬರುತ್ತೆ, ಗೋಡೆ ಒಣಗುತ್ತೆ. ಬೇಸಿಗೇಲಿ ತಂಪು ಬೇರೆ."

"ತೊಂದರೆ ಏನೂ ಇಲ್ವಾ?"

"ಖರ್ಚು ಜಾಸ್ತಿ. ಆಮೇಲೆ... ಆ ಸಂದು." ಯಜಮಾನರ ದನಿ ಇಳಿಯಿತು.

ಅವರು ಕೋಲ್ಡ್ ಸ್ಟೋರೇಜಿನ ಮೇಲ್ವಿಚಾರಕರು. ಕೂದಲೆಳೆಯಷ್ಟು ಸಂದು ಕಂಡರೂ ಹುಡುಕಿ ಮುಚ್ಚಿಸಿಯೇ ಹೊಟ್ಟೆ ಹೊರೆದವರು. ಈಗ ಕೈಯಾರೆ ದುಡ್ಡು ಕೊಟ್ಟು ಮನೆಯುದ್ದದ ಸಂದು ಕೊಂಡಿದ್ದರು!

ಹೊದಿಕೆ ಬಂತು, ನಿದ್ದೆ ಹೋಯಿತು. ಸಂದಿಗೆ ಜಾಲರಿ ಹೊಡೆಯುವವನು ಮುಂದಿನ ವಾರ ಬರುತ್ತೇನೆಂದಿದ್ದ. ಅಷ್ಟರಲ್ಲಿ ಇಲಿಗಳು ಸಂಸಾರ ಹೂಡಿದರೆ? ಹೆಂಡತಿ ಪೇಟೆಗೆ ಹೋದದ್ದೇ ತಡ, ಅಟ್ಟದಲ್ಲಿದ್ದ ಹಳೆ ಬಟ್ಟೆಯ ಗಂಟು ಬಿಚ್ಚಿ ಕೆಳಗಿನ ಸಂದಿಗೆ ತುರುಕಿದರು. ಹಾಗೇ ಏಣಿ ಹತ್ತಿ ಮೇಲಿನದನ್ನೂ ಗಿಡಿದರು. ಆ ದಿನ ಸುಖವಾಗಿ ನಿದ್ದೆ ಮಾಡಿದರು.

ಜಾಲರಿಯವನು ಬರಲಿಲ್ಲ, ಮಳೆ ಬಂತು, ಅತ್ತೆಯೂ ಬಂದರು. ಕೆಲವೇ ದಿನಗಳಲ್ಲಿ ಗೋಡೆಯ ಮೇಲೆ ಕಪ್ಪು ಕಲೆ ಮೂಡಿತು. ಅತ್ತೆ ಕೆಮ್ಮಿದರು.

"ಹೋದ ಸಲ ಬಿಟ್ಟುಹೋದ ನನ್ನ ಉಣ್ಣೆ ಶಾಲು ಎಲ್ಲಿದೆಯಮ್ಮ?"

"ಅಟ್ಟದ ಗಂಟಲ್ಲೇ ಇಟ್ಟಿದ್ದೆ," ಎಂದಳು ಮಗಳು.

ಯಜಮಾನರಿಗೆ ತಾವು ಬಿಚ್ಚಿದ ಗಂಟು ನೆನಪಾಯಿತು. "ಕೆಲಸ ಮಾಡಿದವರದ್ದೇ ತಪ್ಪು, ಬನ್ನಿ ತೋರಿಸ್ತೀನಿ," ಎಂದು ಮಾತು ತಪ್ಪಿಸಲು ಎಲ್ಲರನ್ನೂ ಹೊರಗೆ ಕರೆದೊಯ್ದರು. ಅದೇ ಎಡವಟ್ಟಾಯಿತು. ಹೊದಿಕೆಯ ಬುಡದಿಂದ ಕೆಂಪು ಕುಚ್ಚೊಂದು ಇಣುಕುತ್ತಿತ್ತು. ಅತ್ತೆ ಬಗ್ಗಿ ಎಳೆದರು. ಶಾಲು ಬಂತು, ಅದರ ಬೆನ್ನಿಗೆ ಯಜಮಾನರ ಎರಡು ಬನಿಯನ್‌ಗಳು, ನೀರು ಸುರಿಸುತ್ತಾ.

"ಅಳಿಯಂದಿರೇ," ಎಂದರು ಅತ್ತೆ ಶಾಲು ಹಿಂಡುತ್ತಾ, "ಅಂಗಿ ಹಾಕಿದ್ದು ಸಾಲ್ದು ಅಂತ ಗೋಡೆಗೆ ಶಾಲೂ ಹೊದಿಸಿದ್ರಾ?"

ಸಂಜೆ ಅತ್ತೆ ಹಾಸಿಗೆ ಸಮೇತ ಇವರ ಕೋಣೆಗೆ ಬಂದರು. ಷಡ್ಡಕನ ಮನೆಗೆ ಹೋಗಲಿಲ್ಲವಲ್ಲ, ಅಷ್ಟೇ ಸಮಾಧಾನ. ಆಡಿದ ಮಾತಿನಂತೆ ಯಜಮಾನರ ಹಾಸಿಗೆ ಅತ್ತೆಯ ಕೋಣೆಯ ಒದ್ದೆ ಗೋಡೆಯ ಪಕ್ಕ ಸೇರಿತು. ಕಿಟಕಿಯ ಸಂದಿನಿಂದ ಗಾಳಿ ಸುಯ್ಯೆಂದಿತು. ಅವರ ಕೈ ತಾನಾಗಿ ಟವೆಲಿನತ್ತ ಹೋಯಿತು.

"ಅದನ್ನ ಕೆಳಗಿಡಿ," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ.