ಆಯೇರಿಗೆ ಮೂವರು ಏಜೆಂಟರು

ಮಗಳು ಪೂರ್ಣಿಮಾಳ ಮದುವೆಯಲ್ಲಿ ಒಬ್ಬರೂ ಮುನಿಸಿಕೊಳ್ಳದಂತೆ ನೆಂಟರಿಗೆಲ್ಲ ಆಯೇರಿಯ, ಅಂದರೆ ಮದುವೆಯ ಉಡುಗೊರೆಯ, ಸೀರೆ ಹಂಚುತ್ತೇನೆಂದು ನಾನು ಪಣ ತೊಟ್ಟೆ. ಬನಹಟ್ಟಿಯ ಇತಿಹಾಸದಲ್ಲಿ ಇನ್ನೂ ಯಾರಿಗೂ ಸಾಧ್ಯವಾಗದ ಸಾಹಸ!

ಎಐ ಏಜೆಂಟರನ್ನು ಕಟ್ಟಿ ದುಡಿಸುವ ಓಪನ್ ಸೋರ್ಸ್ ಫ್ರೇಮ್‌ವರ್ಕ್ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿತು. ನಮ್ಮ ನೇಕಾರರ ಮಾತಿನಲ್ಲಿ ಹೇಳುವುದಾದರೆ, ಮಗ್ಗ ಯಾರೋ ಪುಣ್ಯಾತ್ಮರದ್ದು, ನೇಯ್ಗೆ ನಮ್ಮದು. ಎರಡು ಭಾನುವಾರ ಕೂತು ಮೂವರನ್ನು ಹೂಡಿದೆ. ಒಬ್ಬ ವಾಟ್ಸಾಪಿನಲ್ಲಿ ಯಾವ ಬಣ್ಣದ ಸೀರೆ ಬೇಕೆಂದು ನೆಂಟರನ್ನು ಕೇಳುವವ, ಇನ್ನೊಬ್ಬ ಪಟ್ಟಿ ಬರೆಯುವವ, ಮೂರನೆಯವ ಇಬ್ಬರ ಮೇಲೂ ಕಣ್ಣಿಡುವವ. ಬೇಡ ಎಂದವರನ್ನು ಮತ್ತೆ ಪೀಡಿಸಬಾರದೆಂಬ ನಿಯಮವನ್ನೂ ನಾನೇ ಬರೆದೆ. ಸಭ್ಯತೆಯಲ್ಲಿ ನಾನು ಯಾರಿಗೆ ಕಡಿಮೆ?

ಬೀಳಗಿಯಲ್ಲಿರುವ ಅನಸವ್ವ ನನ್ನ ಅಕ್ಕ. ಮದುಮಗಳಿಗೆ ಮೊದಲ ಅರಿಸಿನ ಹಚ್ಚಬೇಕಾದ ಸೋದರತ್ತೆ. "ನನಗ್ಯಾಕೋ ತಮ್ಮಾ ಸೀರಿ? ಬ್ಯಾಡ" ಎಂದು ಉತ್ತರ ಕಳಿಸಿದಳು. ಮೊದಲನೆಯವ ಧನ್ಯವಾದ ಹೇಳಿದ. ಎರಡನೆಯವ ಹೆಸರು ಹೊಡೆದುಹಾಕಿದ. ಮೂರನೆಯವ ಎಲ್ಲ ಸರಿಯಾಗಿದೆ ಎಂದು ಷರಾ ಬರೆದ. ಹೀಗೆ ಒಂದೇ ದಿನದಲ್ಲಿ ಹದಿನಾಲ್ಕು ಹಿರಿಯ ಹೆಣ್ಣುಮಕ್ಕಳು ಪಟ್ಟಿಯಿಂದ ಮಾಯ! ನಮ್ಮ ಬಳಗದಲ್ಲಿ ಇಷ್ಟು ವೈರಾಗ್ಯವಿದೆಯೇ ಎಂದು ಬೆರಗಾದೆ.

ಎರಡು ದಿನಕ್ಕೆ ಸುದ್ದಿ ಬಂತು, ಅಕ್ಕ ಮದುವೆಗೆ ಬರುವುದಿಲ್ಲವಂತೆ. ಹೆಂಡತಿ ನಂದಾ ಪಟ್ಟಿ ನೋಡಿ ಹಣೆ ಹಿಡಿದುಕೊಂಡಳು.

"ಒಮ್ಮೆ ಕೇಳಿದ ಕೂಡ್ಲೆ ಹೂಂ ಅನ್ನಾಕ ಅವ್ರೇನು ಸೀರಿ ಕಾಣದವ್ರೇನ್ರಿ? ಮೂರನೇ ಸಲಕ್ಕ ಹೂಂ ಅಂತಾರ."

"ಅದು ಮಷೀನ್ ಮಾಡಿದ ತಪ್ಪು."

"ಮಷೀನಿಗೆ ಹೇಳಿಕೊಟ್ಟವ್ರು ಯಾರು?"

ಫ್ರೇಮ್‌ವರ್ಕಿನ ಹೊಟ್ಟೆಯೊಳಗಿನದನ್ನೆಲ್ಲ ಎಲ್ಲರಿಗೂ ಕಾಣುವಂತೆ ತೆರೆದೇ ಇಟ್ಟಿದ್ದರು. ಅದರಲ್ಲಿ ತಪ್ಪು ಹುಡುಕಿ ಹುಡುಕಿ ಸೋತೆ. ಕೊನೆಗೆ ಅದು ಸಿಕ್ಕಿದ್ದು, ಮತ್ತೆ ಪೀಡಿಸಬಾರದೆಂದು ನಾನು ಬರೆದ ಆ ಒಂದು ಸಾಲಿನಲ್ಲಿ.

ಉಳಿದವರನ್ನು ನಂದಾಳಿಗೆ ಒಪ್ಪಿಸಿ, ಸೀರೆ ಹಿಡಿದು ಬೀಳಗಿಯ ಬಸ್ಸು ಹತ್ತಿದೆ. ಅಕ್ಕ ಎರಡು ಸಲ ಒಲ್ಲೆನೆಂದಳು. ಮೂರನೆಯ ಸಲ ಕೇಳಿದಾಗ ಸೀರೆಯನ್ನು ಉಡಿಯಲ್ಲಿಟ್ಟುಕೊಂಡು ಅದರ ಸೆರಗು ಸವರುತ್ತ ಕೂತಳು.

"ಸೀರಿ ಮನ್ಯಾಗ ಬೇಕಾದಷ್ಟ ಅದಾವೋ. ನೀ ಮತ್ತೊಮ್ಮೆ ಕೇಳ್ತಿ ಅಂತ ಫೋನ್ ಹಿಡಕೊಂಡ ಕುಂತಿದ್ದೆ."

ಅರಿಸಿನದ ಹಿಂದಿನ ದಿನವೇ ಬರುತ್ತೇನೆಂದು ಅಕ್ಕ ಕಣ್ಣೊರೆಸಿಕೊಂಡಳು. ಆಮೇಲೆ, ಚಹಾ ಮಾಡಲೇ ಎಂದು ಕೇಳಿದಳು. ಬಿಸಿಲಲ್ಲಿ ಬಂದು ಗಂಟಲು ಒಣಗಿತ್ತು. ಆದರೂ ಹುಟ್ಟಿದಾಗಿನ ರೂಢಿ ನೋಡಿ, ಬ್ಯಾಡ ಅಂದುಬಿಟ್ಟೆ.

"ಆತು ಬಿಡು" ಎಂದು ಅಕ್ಕ ಕೂತಲ್ಲಿಂದ ಏಳಲೇ ಇಲ್ಲ.

ಎರಡು ನಿಮಿಷ ಕಾದೆ. ನಾಲ್ಕು ನಿಮಿಷ ಕಾದೆ.

"ಅಕ್ಕಾ, ಇನ್ನೊಮ್ಮೆ ಕೇಳ ಬೇ."